ಒಂದು ಕೋಣೆಯಲ್ಲಿ ಸೆಕೆ, ಇನ್ನೊಂದರಲ್ಲಿ ಚಳಿ: ರೇಡಿಯೇಟರ್‌ಗಳ ಬಿಸಿ ಸಮ ಮಾಡುವ ಬಗೆ

ಅಮ್ಮ ಮೊದಲ ಸಲ ಚಳಿಗಾಲದಲ್ಲಿ ಇಂಗ್ಲೆಂಡಿನ ರೆಡಿಂಗ್‌ಗೆ ಬಂದಾಗ ನಾವು ಈ ಮನೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಮಹಡಿಯ ಹಿಂಬದಿಯ ಚಿಕ್ಕ ಕೋಣೆ ಅವಳಿಗೆ ಕೊಟ್ಟಿದ್ದೆವು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಸ್ವೆಟರ್ ಮೇಲೆ ಶಾಲು ಹೊದ್ದು, ಕೆಳಗೆ ಬಾಗಿಲ ಹತ್ತಿರದ ರೇಡಿಯೇಟರ್‌ಗೆ ಒರಗಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. “ಇಲ್ಲಿ ಬೆವರು ಬರ್ತೈತೆ ಕಣಮ್ಮ, ನನ್ನ ರೂಮಿಗೆ ಹೋದ್ರೆ ಮೂಳೆ ಕೊರೀತೈತೆ. ಒಂದೇ ಮನೇಲಿ ಎರಡು ಊರು ಇದ್ದಂಗೈತೆ,” ಅಂದಳು.

ಕರೆಸಿದ ಹೀಟಿಂಗ್ ಕೆಲಸದವರು ಹತ್ತು ನಿಮಿಷ ನೋಡಿ, ಬಾಯ್ಲರ್ ಹಳೆಯದಾಗಿದೆ, ಹೊಸದು ಹಾಕಿಸಿ ಎಂದು ಸಾವಿರಾರು ಪೌಂಡಿನ ಲೆಕ್ಕ ಕೊಟ್ಟು ಹೋದರು. ನಾವು ಬಾಯ್ಲರ್ ಬದಲಿಸಲಿಲ್ಲ. ಒಂದು ಶನಿವಾರ ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ಮನೆಯ ಎಂಟು ರೇಡಿಯೇಟರ್‌ಗಳನ್ನೂ ಒಂದೊಂದಾಗಿ ಸರಿಮಾಡಿದೆ. ಖರ್ಚಾದದ್ದು ಒಂದು ರೇಡಿಯೇಟರ್ ಕೀ ಮತ್ತು ಪೈಪಿಗೆ ಕಚ್ಚಿಸುವ ಎರಡು ಥರ್ಮಾಮೀಟರ್‌ಗಳ ದುಡ್ಡು ಮಾತ್ರ. ಆಮೇಲೆ ಇಲ್ಲಿನ ಹಲವು ಕನ್ನಡದ ಮನೆಗಳಲ್ಲಿ ಇದೇ ಕೆಲಸಕ್ಕೆ ಕೈಹಾಕಿದ್ದೇನೆ. ಹೆಚ್ಚಿನ ಕಡೆ ಬಾಯ್ಲರ್‌ಗೆ ಏನೂ ಆಗಿರಲಿಲ್ಲ, ಬಿಸಿನೀರು ಹಂಚಿಕೆಯಾಗುವ ರೀತಿ ತಪ್ಪಾಗಿತ್ತು.

ಇಲ್ಲಿ ಹೇಳಿರುವುದು ಬ್ರಿಟನ್ನಿನ ಮನೆಗಳಲ್ಲಿ ಸಾಮಾನ್ಯವಾಗಿರುವ, ಗ್ಯಾಸ್ ಬಾಯ್ಲರ್‌ನಿಂದ ಬಿಸಿನೀರು ಸುತ್ತುವ ವ್ಯವಸ್ಥೆಯ ಬಗ್ಗೆ. ಅಮೆರಿಕದ ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದೇ ಪೈಪಿನಲ್ಲಿ ಹಬೆ ಬರುವ ರೇಡಿಯೇಟರ್‌ಗಳಿಗೆ ಇದು ಹೊಂದುವುದಿಲ್ಲ. ಅಲ್ಲಿ ವಾಲ್ವ್ ಅನ್ನು ಅರ್ಧ ತೆರೆದಿಟ್ಟರೆ ನೀರು ಸಿಕ್ಕಿಕೊಂಡು ದಢದಢ ಬಡಿಯತೊಡಗುತ್ತದೆ.

ನೀರು ಹೋಗುವ ದಾರಿ

ಬಾಯ್ಲರ್‌ನಲ್ಲಿ ಕಾದ ನೀರನ್ನು ಪಂಪ್ ಒಂದು ಪೈಪಿನಲ್ಲಿ ತಳ್ಳುತ್ತದೆ. ಇದು ಫ್ಲೋ, ಅಂದರೆ ಹೋಗುವ ಪೈಪು. ರೇಡಿಯೇಟರ್‌ಗಳಲ್ಲಿ ಬಿಸಿ ಬಿಟ್ಟುಕೊಟ್ಟು ತಣಿದ ನೀರು ಇನ್ನೊಂದು ಪೈಪಿನಲ್ಲಿ ಬಾಯ್ಲರ್‌ಗೆ ವಾಪಸಾಗುತ್ತದೆ. ಇದು ರಿಟರ್ನ್, ಮರಳುವ ಪೈಪು. ಪ್ರತಿ ರೇಡಿಯೇಟರ್ ಈ ಎರಡು ಪೈಪುಗಳ ನಡುವೆ ಏಣಿಯ ಮೆಟ್ಟಿಲಿನ ಹಾಗೆ ಕೂತಿರುತ್ತದೆ.

ನೀರಿಗೆ ಸುಲಭದ ದಾರಿ ಇಷ್ಟ. ಬಾಯ್ಲರ್‌ಗೆ ಹತ್ತಿರದ ರೇಡಿಯೇಟರ್ ಮೂಲಕ ಹೋಗಿಬರುವ ದಾರಿ ಚಿಕ್ಕದು, ಹಾಗಾಗಿ ನೀರು ಅಲ್ಲೇ ಹೆಚ್ಚು ನುಗ್ಗುತ್ತದೆ. ದೂರದ ರೇಡಿಯೇಟರ್‌ಗೆ ಉಳಿದಷ್ಟು. ನಾನು ಇದನ್ನು ವಿವರಿಸಿದಾಗ ಅಮ್ಮನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. “ತೂಬಿನ ಪಕ್ಕದ ಗದ್ದೇಲಿ ಮೊಳಕಾಲು ನೀರು, ಕೊನೇ ಗದ್ದೇಲಿ ಬಿರುಕು. ಅದಕ್ಕೇ ಅಲ್ವಾ ನೀರುಗಂಟಿ ಇರೋದು?” ಎಂದು ಕೇಳಿದಳು. ತುಮಕೂರಿನ ಕಡೆ ಕೆರೆ ನೀರು ಕಂಡವರಿಗೆ ಗೊತ್ತು, ಕೊನೆಯ ಗದ್ದೆಗೆ ನೀರು ಮುಟ್ಟಿಸಬೇಕೆಂದರೆ ನೀರುಗಂಟಿ ಕೆರೆಯನ್ನು ದೊಡ್ಡದು ಮಾಡುವುದಿಲ್ಲ. ಮೊದಲ ಗದ್ದೆಗಳ ಬದುವಿನ ಬಾಯಿಗೆ ಎರಡು ಸಲಿಕೆ ಮಣ್ಣು ಹಾಕಿ ಕಿರಿದು ಮಾಡುತ್ತಾನೆ. ರೇಡಿಯೇಟರ್‌ನಲ್ಲಿ ಆ ಬಾಯಿ ಲಾಕ್‌ಶೀಲ್ಡ್ ವಾಲ್ವ್, ಅಂದರೆ ಒಂದು ತುದಿಯಲ್ಲಿ ಪ್ಲಾಸ್ಟಿಕ್ ಟೋಪಿಯ ಕೆಳಗಿರುವ, ನೀರಿನ ಹರಿವನ್ನು ಕಿರಿದು ಮಾಡುವ ವಾಲ್ವ್.

ಹಾಗೆ ಮಾಡಿದರೆ ಮೊದಲಿನವರಿಗೆ ನಷ್ಟವಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಲೆಕ್ಕ ನೋಡಿ. 1.5 ಕಿಲೋವ್ಯಾಟ್ ಬಿಸಿ ಕೊಡುವ ರೇಡಿಯೇಟರ್‌ನಲ್ಲಿ ನೀರು 20 ಡಿಗ್ರಿ ತಣಿದು ಹೊರಬರಬೇಕಾದರೆ ನಿಮಿಷಕ್ಕೆ ಸುಮಾರು 1 ಲೀಟರ್ ನೀರು ಸಾಕು. 70 ಡಿಗ್ರಿಯಲ್ಲಿ ಒಳಹೋದ ನೀರು 60ಕ್ಕೆ ಹೊರಬರುತ್ತಿದೆ ಎಂದುಕೊಳ್ಳಿ. ಅದನ್ನು ಬಿಗಿಮಾಡಿ 50ಕ್ಕೆ ಹೊರಬರುವಂತೆ ಮಾಡಿದರೆ ನೀರಿನ ಹರಿವು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಆದರೆ ರೇಡಿಯೇಟರ್ ಕೊಡುವ ಬಿಸಿ ಕಡಿಮೆಯಾಗುವುದು ಸುಮಾರು ಏಳರಲ್ಲಿ ಒಂದು ಪಾಲು ಅಷ್ಟೇ. ಹತ್ತಿರದ ರೇಡಿಯೇಟರ್ ಬಳಸುತ್ತಿದ್ದ ಹೆಚ್ಚುವರಿ ನೀರು ಅದಕ್ಕೂ ಹೆಚ್ಚು ಉಪಯೋಗವಾಗುತ್ತಿರಲಿಲ್ಲ, ದೂರದ ಕೋಣೆಗೂ ಸಿಗುತ್ತಿರಲಿಲ್ಲ.

ಉಪಕರಣಕ್ಕಿಂತ ಮೊದಲು ಅಂಗೈ

ಹೀಟಿಂಗ್ ಹಾಕಿ ಒಂದು ಗಂಟೆ ಬಿಡಿ. ಆಮೇಲೆ ಒಂದು ಹಾಳೆ ಹಿಡಿದು ಮನೆಯೆಲ್ಲ ಸುತ್ತಿ. ಪ್ರತಿ ರೇಡಿಯೇಟರ್‌ನ ಮೇಲ್ಭಾಗ, ಕೆಳಭಾಗ, ಎರಡು ಪಕ್ಕ, ಎರಡು ಪೈಪುಗಳನ್ನು ಹುಷಾರಾಗಿ ಮುಟ್ಟಿ ನೋಡಿ ಬರೆದುಕೊಳ್ಳಿ. ರೋಗ ಯಾವುದೆಂದು ಇದರಲ್ಲೇ ಮುಕ್ಕಾಲು ಪಾಲು ತಿಳಿಯುತ್ತದೆ.

ಮೇಲ್ಭಾಗ ತಣ್ಣಗೆ, ಕೆಳಭಾಗ ಬಿಸಿ ಇದ್ದರೆ ಒಳಗೆ ಗಾಳಿ ತುಂಬಿದೆ. ಮೇಲೆ ಬಿಸಿ, ಕೆಳಗೆ ನಡುಭಾಗ ತಣ್ಣಗಿದ್ದರೆ ಕೆಸರು ಕೂತಿದೆ. ಉಳಿದವೆಲ್ಲ ಬಿಸಿ, ಒಂದು ಮಾತ್ರ ಪೂರ್ತಿ ತಣ್ಣಗಿದ್ದರೆ ಅದರ ವಾಲ್ವ್ ಮುಚ್ಚಿದೆ ಅಥವಾ ವಾಲ್ವಿನ ಪಿನ್, ಅಂದರೆ ನೀರಿನ ದಾರಿ ತೆರೆದು ಮುಚ್ಚುವ ಸಣ್ಣ ಕಡ್ಡಿ, ಅಂಟಿಕೊಂಡಿದೆ. ಮಹಡಿಯ ಮೇಲಿನವೆಲ್ಲ ತಣ್ಣಗಿದ್ದರೆ ವ್ಯವಸ್ಥೆಯಲ್ಲಿ ನೀರೇ ಕಡಿಮೆ ಇರಬಹುದು: ನಲ್ಲಿಯ ನೀರನ್ನೂ ತಾನೇ ಕಾಯಿಸುವ ಕಾಂಬಿ ಬಾಯ್ಲರ್ ಆದರೆ ಒತ್ತಡದ ಮುಳ್ಳು ನೋಡಿ, ಅಟ್ಟದಲ್ಲಿ ಚಿಕ್ಕ ತೊಟ್ಟಿ ಇರುವ ಹಳೆಯ ಮನೆಯಾದರೆ ಅದರಲ್ಲಿ ನೀರಿದೆಯೇ ನೋಡಿ. ಬಾಯ್ಲರ್ ಉರಿಯುತ್ತಿದ್ದರೂ ಮೇಲಿನವು ಮಾತ್ರ ಬಿಸಿಯಾಗಿ ಕೆಳಗಿನವು ತಣ್ಣಗೇ ಉಳಿದರೆ ಪಂಪಿನ ಮೇಲೆ ಅನುಮಾನ ಪಡಿ.

ಹತ್ತಿರದವು ಸುಡುತ್ತಿದ್ದು, ದೂರ ಹೋದಂತೆ ಉಗುರುಬೆಚ್ಚಗಾಗುತ್ತಾ ಹೋದರೆ ಅದು ಹಂಚಿಕೆಯ ದೋಷ. ಇದನ್ನು ಸರಿಮಾಡುವುದಕ್ಕೆ ಇಲ್ಲಿನ ಕೆಲಸಗಾರರು ಬ್ಯಾಲೆನ್ಸಿಂಗ್ ಎನ್ನುತ್ತಾರೆ. ಬ್ಯಾಲೆನ್ಸಿಂಗ್‌ಗೆ ಕೈಹಾಕುವ ಮುಂಚೆ ಗಾಳಿ, ಪಿನ್, ಒತ್ತಡ ಮೂರೂ ಸರಿಯಿರಬೇಕು. ಗಾಳಿ ತುಂಬಿದ ರೇಡಿಯೇಟರ್ ಇಟ್ಟುಕೊಂಡು ಮಾಡಿದ ಬ್ಯಾಲೆನ್ಸಿಂಗ್ ಎರಡು ದಿನವೂ ನಿಲ್ಲುವುದಿಲ್ಲ.

ರೇಡಿಯೇಟರ್ ಪೂರ್ತಿ ಬಿಸಿಯಿದ್ದೂ ಕೋಣೆ ತಣ್ಣಗಿದ್ದರೆ ಸೋಫಾ, ಪರದೆ, ಒಣಹಾಕಿದ ಬಟ್ಟೆ ಗಮನಿಸಿ. ಅಮ್ಮ ತನ್ನ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ರೇಡಿಯೇಟರ್ ಮೇಲೆ ಒಣಹಾಕುತ್ತಿದ್ದಳು. ಸೆರಗಿನ ತುದಿ ಪಕ್ಕದ ಥರ್ಮೋಸ್ಟಾಟ್ ವಾಲ್ವಿನ ತಲೆಯನ್ನೂ ಮುಚ್ಚುತ್ತಿತ್ತು. ಆ ತಲೆ ತನ್ನ ಸುತ್ತಲಿನ ಗಾಳಿಯ ಬಿಸಿ ನೋಡಿ ನೀರು ಬಿಡುತ್ತದೆ. ಸೀರೆಯೊಳಗಿನ ಬಿಸಿಯನ್ನೇ ಕೋಣೆಯ ಬಿಸಿಯೆಂದು ತಿಳಿದು ಅದು ನೀರು ನಿಲ್ಲಿಸಿಬಿಡುತ್ತಿತ್ತು. ಉದ್ದದ ಕಿಟಕಿ ಪರದೆಯೂ ಇದನ್ನೇ ಮಾಡುತ್ತದೆ.

ಬಾಡಿಗೆದಾರರಿಗೆ, ಮತ್ತು ಗ್ಯಾಸ್ ವಿಷಯಕ್ಕೆ

ಬಾಯ್ಲರ್‌ನ ಹೊರಕವಚ ಬಿಚ್ಚಬೇಡಿ. ಗ್ಯಾಸ್ ಕೆಲಸಕ್ಕೆ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವವರೇ ಬರಬೇಕು. 2009ರ ಏಪ್ರಿಲ್ 1ರಿಂದ ಕಾರ್ಗಿ ನೋಂದಣಿಯ ಜಾಗಕ್ಕೆ ಬಂದದ್ದು ಇದು, ಹಾಗಾಗಿ ಕಾರ್ಗಿ ಕಾರ್ಡ್ ತೋರಿಸುವವರಿಗೆ ಬಾಗಿಲು ತೆರೆಯಬೇಡಿ. ಈ ಬರಹದಲ್ಲಿ ಹೇಳಿರುವುದೆಲ್ಲ ನೀರಿನ ಕಡೆಯ ಕೆಲಸ, ಅದನ್ನು ಮನೆಯವರು ಮಾಡಿಕೊಳ್ಳಬಹುದು.

ಇಂಗ್ಲೆಂಡಿನಲ್ಲಿ ಬಾಡಿಗೆಗೆ ಇದ್ದೀರಾದರೆ, 1985ರ ಲ್ಯಾಂಡ್‌ಲಾರ್ಡ್ ಆಂಡ್ ಟೆನೆಂಟ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮನೆ ಬೆಚ್ಚಗಿಡುವ ಮತ್ತು ನೀರು ಕಾಯಿಸುವ ವ್ಯವಸ್ಥೆಯನ್ನು ದುರಸ್ತಿಯಲ್ಲಿ ಇಡುವುದು ಮನೆ ಮಾಲೀಕರ ಹೊಣೆ. ಹೊಸದಾಗಿ ಬಂದ ನಮ್ಮ ಹುಡುಗ ಹುಡುಗಿಯರು ಮಾಲೀಕರನ್ನು ಕೇಳಲು ಸಂಕೋಚಪಟ್ಟು ಇಡೀ ಚಳಿಗಾಲ ಕರೆಂಟ್ ಹೀಟರ್ ಹಾಕಿಕೊಂಡು ಬಿಲ್ ಕಟ್ಟುವುದನ್ನು ನೋಡಿ ಹೊಟ್ಟೆ ಉರಿದಿದೆ. ಸಂಕೋಚ ಬೇಡ, ಬರವಣಿಗೆಯಲ್ಲಿ ಕೇಳಿ. ಗಾಳಿ ಬಿಡುವುದು, ವಾಲ್ವಿನ ತಲೆ ತಿರುಗಿಸುವುದು ಮುಂತಾದ ಚಿಕ್ಕ ಕೆಲಸ ನೀವೇ ಮಾಡಿಕೊಳ್ಳಿ, ಅದಕ್ಕಿಂತ ಹೆಚ್ಚಿನದಕ್ಕೆ ಒಂದು ಮಾತು ತಿಳಿಸಿ ಮಾಡಿ.

ಗಾಳಿ ಬಿಡುವುದು

ಹೀಟಿಂಗ್ ಆರಿಸಿ ರೇಡಿಯೇಟರ್ ತಣಿಯಲು ಬಿಡಿ. ಪಂಪ್ ಓಡುವಾಗ ಗಾಳಿ ನೀರಿನ ಜೊತೆ ಸುತ್ತುತ್ತಿರುತ್ತದೆ. ಬಿಸಿನೀರು ಚಿಮ್ಮಿ ಕೈ ಸುಡುವ ಭಯ ಬೇರೆ.

ರೇಡಿಯೇಟರ್‌ನ ಮೇಲ್ತುದಿಯ ಒಂದು ಪಕ್ಕದಲ್ಲಿ ಚೌಕಾಕಾರದ ಚಿಕ್ಕ ಹಿತ್ತಾಳೆ ಮೂತಿ ಇರುತ್ತದೆ. ಕೀಯನ್ನು ಅದಕ್ಕೆ ಸಿಕ್ಕಿಸಿ. ಕೆಳಗೆ ಒಂದು ಹಳೇ ಬಟ್ಟೆ, ಒಂದು ಬಟ್ಟಲು ಹಿಡಿಯಿರಿ. ಎಡಕ್ಕೆ ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು ತಿರುಗಿಸಿ. ಪೂರ್ತಿ ಬಿಚ್ಚಬೇಡಿ, ತಿರುಪು ಕೈಗೆ ಬಂದರೆ ನೀರು ನಿಲ್ಲಿಸುವುದು ಕಷ್ಟ. ಮೊದಲು ಬುಸ್ಸೆಂದು ಗಾಳಿ ಬರುತ್ತದೆ, ಆಮೇಲೆ ಗಾಳಿ ನೀರು ಬೆರೆತು ಉಗುಳುತ್ತದೆ, ಕೊನೆಗೆ ನೀರು ಎಳೆಯಾಗಿ ಹರಿಯುತ್ತದೆ. ತಕ್ಷಣ ಮುಚ್ಚಿ. ಬಲವಂತವಾಗಿ ಬಿಗಿಯಬೇಡಿ, ಹಿತ್ತಾಳೆ ಮೆತ್ತನೆಯದು. ಕೆಳಗಿನ ಮಹಡಿ ಮೊದಲು, ಮೇಲಿನದು ಆಮೇಲೆ. ಕಬ್ಬಿಣ ತುಕ್ಕು ಹಿಡಿಯುವಾಗ ಹೈಡ್ರೋಜನ್ ಹುಟ್ಟುವುದರಿಂದ ಬರುವುದು ಬರೀ ಗಾಳಿಯಾಗಿರಬೇಕೆಂದಿಲ್ಲ. ದೀಪ, ಊದುಬತ್ತಿ, ಸಿಗರೇಟು ಹತ್ತಿರ ಬೇಡ. ಎರಡು ಮೂರು ವಾರಕ್ಕೊಮ್ಮೆ ಅದೇ ರೇಡಿಯೇಟರ್‌ನಲ್ಲಿ ಮತ್ತೆ ಗಾಳಿ ತುಂಬುತ್ತಿದ್ದರೆ ಒಳಗೆ ತುಕ್ಕು ನಡೆಯುತ್ತಿದೆ, ಇಲ್ಲವೇ ಎಲ್ಲೋ ಗಾಳಿ ಎಳೆದುಕೊಳ್ಳುತ್ತಿದೆ ಎಂದು ತಿಳಿಯಿರಿ.

ಎಲ್ಲ ಮುಗಿದ ಮೇಲೆ ಬಾಯ್ಲರ್‌ನ ಒತ್ತಡ ನೋಡಿ. ತಣ್ಣಗಿರುವಾಗ 1ರಿಂದ 1.5 ಬಾರ್ ಇರಬೇಕು. ಕಡಿಮೆಯಾಗಿದ್ದರೆ ಬಾಯ್ಲರ್ ಕೆಳಗಿನ ಫಿಲ್ಲಿಂಗ್ ಲೂಪ್‌ನಿಂದ, ಅಂದರೆ ಹೆಣೆದ ಬೆಳ್ಳಿ ಬಣ್ಣದ ಚಿಕ್ಕ ಪೈಪು ಅಥವಾ ಅದರ ಬದಲಿಗಿರುವ ಕೀಯಿಂದ, ನಿಧಾನವಾಗಿ ನೀರು ತುಂಬಿ. ಮುಳ್ಳು ಜಾಗಕ್ಕೆ ಬಂದ ಕೂಡಲೇ ಎಲ್ಲ ನಲ್ಲಿಗಳನ್ನೂ ಮುಚ್ಚಿ. 3 ಬಾರ್ ತಲುಪಿದರೆ ಸುರಕ್ಷತಾ ವಾಲ್ವ್ ತೆರೆದು ನೀರು ಹೊರಗೆ ಹೋಗುತ್ತದೆ. ಪದೇ ಪದೇ ತುಂಬಬೇಕಾಗಿ ಬಂದರೆ ಸೋರಿಕೆ ಇದೆ ಅಥವಾ ಕಾದು ಹಿಗ್ಗುವ ನೀರಿಗೆ ಜಾಗ ಕೊಡುವ ಎಕ್ಸ್‌ಪ್ಯಾನ್ಷನ್ ವೆಸಲ್ ಕೆಟ್ಟಿದೆ. ಸುಮ್ಮನೆ ತುಂಬುತ್ತಾ ಹೋಗಬೇಡಿ. ಪ್ರತಿ ಸಲ ಹೊಸ ನೀರಿನ ಜೊತೆ ಆಮ್ಲಜನಕ ಬರುತ್ತದೆ, ತುಕ್ಕು ಹೆಚ್ಚುತ್ತದೆ.

ಅಂಟಿಕೊಂಡ ಪಿನ್

ಅಕ್ಟೋಬರ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ. ಬೇಸಿಗೆಯಲ್ಲೆಲ್ಲ ವಾಲ್ವ್ ಮುಚ್ಚಿಟ್ಟಿರುತ್ತಾರೆ, ಚಳಿ ಬಂದಾಗ 5ಕ್ಕೆ ತಿರುಗಿಸುತ್ತಾರೆ, ರೇಡಿಯೇಟರ್ ಬಿಸಿಯಾಗುವುದಿಲ್ಲ.

ಟಿ.ಆರ್.ವಿ., ಅಂದರೆ 1ರಿಂದ 5ರವರೆಗೆ ಅಂಕಿಯಿರುವ ಆ ಥರ್ಮೋಸ್ಟಾಟ್ ವಾಲ್ವಿನ ತಲೆಯನ್ನು ಮೊದಲು 5ಕ್ಕೆ ಇಡಿ. ತಲೆಯ ಕೆಳಗಿನ ಉಂಗುರವನ್ನು ಕೈಯಲ್ಲೇ ಎಡಕ್ಕೆ ತಿರುಗಿಸಿ ಬಿಚ್ಚಿ. ಕೆಲವು ಒತ್ತಿ ಬಿಡುವ ಬಗೆಯವು. ತಲೆ ಹೊರಬಂದರೂ ನೀರು ಬರುವುದಿಲ್ಲ, ಹೆದರಬೇಡಿ. ಒಳಗೆ ನಡುವೆ ಒಂದು ಸಣ್ಣ ಲೋಹದ ಕಡ್ಡಿ ನಿಂತಿರುತ್ತದೆ. ಅದೇ ಪಿನ್. ಅದರ ಮೇಲೆ ಸ್ಪ್ಯಾನರ್‌ನ ಚಪ್ಪಟೆ ಭಾಗ ಇಟ್ಟು ನೇರವಾಗಿ ಒತ್ತಿ. ಎರಡು ಮೂರು ಮಿಲಿಮೀಟರ್ ಕೆಳಗಿಳಿದು, ಬಿಟ್ಟ ಕೂಡಲೇ ಬಾಲ್‌ಪೆನ್ನಿನ ಗುಂಡಿಯ ಹಾಗೆ ಪುಟಿದು ಮೇಲೆ ಬರಬೇಕು. ಬರದಿದ್ದರೆ ವಾಲ್ವಿನ ಹಿತ್ತಾಳೆ ಮೈಯನ್ನು ಪಕ್ಕದಿಂದ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಪಿನ್ನಿನ ಬುಡಕ್ಕೆ ಒಂದು ಹನಿ ಸಿಲಿಕೋನ್ ಎಣ್ಣೆ ಬಿಡಿ. ಮತ್ತೆ ಒತ್ತಿ, ಬಿಡಿ, ಒತ್ತಿ, ಬಿಡಿ. ಹತ್ತು ಹದಿನೈದು ಸಲದಲ್ಲಿ ಸಾಮಾನ್ಯವಾಗಿ ಸಡಿಲವಾಗುತ್ತದೆ. ನೀರು ನುಗ್ಗುವ ಸದ್ದು ಕಿವಿಗೆ ಬೀಳುತ್ತದೆ, ಅರ್ಧ ನಿಮಿಷದಲ್ಲಿ ಪೈಪು ಬಿಸಿಯಾಗುತ್ತದೆ.

ಇಕ್ಕಳದಿಂದ ಪಿನ್ ಹಿಡಿದು ಜೋರಾಗಿ ಎಳೆಯಬೇಡಿ. ಕಿತ್ತು ಬಂದರೆ ಆ ತೂತಿನಿಂದ ಕಪ್ಪು ನೀರು ಕಾರ್ಪೆಟ್ ಮೇಲೆ ಚಿಮ್ಮುತ್ತದೆ, ಆ ಕಲೆ ಹೋಗುವುದಿಲ್ಲ. ಸರಿಯಾದ ಮೇಲೆ ತಲೆಯನ್ನು 5ರಲ್ಲೇ ಇಟ್ಟು ಕೂರಿಸಿ. ಮುಂದಿನ ಬೇಸಿಗೆಯಲ್ಲಿ ಎಲ್ಲವನ್ನೂ 5ಕ್ಕೆ ತೆರೆದಿಡಿ, ಪಿನ್ ಒತ್ತಿಕೊಂಡಿರದಿದ್ದರೆ ಅಂಟುವುದು ಕಡಿಮೆ.

ಅಂಕಿಗಳ ಬಗ್ಗೆ ಒಂದು ಮಾತು. 3 ಎಂದರೆ ಕೋಣೆ ಸುಮಾರು 20 ಡಿಗ್ರಿ ಆಗುವವರೆಗೆ ನೀರು ಬಿಡು ಎಂದರ್ಥ. 5ಕ್ಕೆ ಇಟ್ಟರೆ ಬೇಗ ಬಿಸಿಯಾಗುವುದಿಲ್ಲ, ಹೆಚ್ಚು ಹೊತ್ತು ಬಿಸಿಯಾಗುತ್ತದೆ.

ಗೋಡೆಯ ಥರ್ಮೋಸ್ಟಾಟ್ ಇರುವ ಜಾಗ

ನಮ್ಮ ಮನೆಯ ನಿಜವಾದ ಕಳ್ಳ ಇಲ್ಲಿ ಸಿಕ್ಕಿಬಿದ್ದ. ಬಾಯ್ಲರ್‌ಗೆ ನಿಲ್ಲು ಎಂದು ಹೇಳುವ ಥರ್ಮೋಸ್ಟಾಟ್ ಮುಂಬಾಗಿಲ ಹತ್ತಿರದ ಗೋಡೆಯಲ್ಲಿತ್ತು. ಅದರಿಂದ ಎರಡು ಮೀಟರ್ ದೂರದಲ್ಲಿ, ಬಾಯ್ಲರ್‌ಗೆ ಎಲ್ಲಕ್ಕಿಂತ ಹತ್ತಿರದ ರೇಡಿಯೇಟರ್. ಆ ಸಣ್ಣ ಜಾಗ ಇಪ್ಪತ್ತು ನಿಮಿಷದಲ್ಲಿ 20 ಡಿಗ್ರಿ ತಲುಪುತ್ತಿತ್ತು. ಥರ್ಮೋಸ್ಟಾಟ್ ಸಾಕು ಎನ್ನುತ್ತಿತ್ತು, ಬಾಯ್ಲರ್ ಆರುತ್ತಿತ್ತು. ಅಮ್ಮನ ಕೋಣೆಗೆ ಅಷ್ಟೊತ್ತಿಗೆ ಬಿಸಿನೀರು ಸರಿಯಾಗಿ ಮುಟ್ಟಿರುತ್ತಲೂ ಇರಲಿಲ್ಲ.

ಥರ್ಮೋಸ್ಟಾಟ್ ಇರುವ ಕೋಣೆಯ ರೇಡಿಯೇಟರ್‌ಗೆ ಟಿ.ಆರ್.ವಿ. ಇರಬಾರದು, ಇದ್ದರೆ ಪೂರ್ತಿ ತೆರೆದಿರಬೇಕು. ಇಲ್ಲದಿದ್ದರೆ ಒಂದು ಕೋಣೆಯ ಬಿಸಿಯನ್ನು ಇಬ್ಬರು ನಿಯಂತ್ರಿಸಿದಂತಾಗಿ ಜಗಳ ಶುರುವಾಗುತ್ತದೆ. ಟಿ.ಆರ್.ವಿ. ನೀರು ನಿಲ್ಲಿಸುತ್ತದೆ, ಥರ್ಮೋಸ್ಟಾಟ್ ಇನ್ನೂ ಬಿಸಿ ಬೇಕೆಂದು ಬಾಯ್ಲರ್ ಉರಿಸುತ್ತಲೇ ಇರುತ್ತದೆ. ಆ ರೇಡಿಯೇಟರ್ ಅನ್ನು ಹದ್ದುಬಸ್ತಿನಲ್ಲಿಡುವುದು ಲಾಕ್‌ಶೀಲ್ಡ್ ಕಡೆಯಿಂದ. ಉಳಿದ ಕೋಣೆಗಳೆಲ್ಲ ಬೆಚ್ಚಗಾದ ಮೇಲೆ ಕೊನೆಯಲ್ಲಿ ಬೆಚ್ಚಗಾಗುವುದು ಈ ಜಾಗವಾಗಿರಲಿ.

ಬ್ಯಾಲೆನ್ಸಿಂಗ್: ನೀರುಗಂಟಿಯ ಕೆಲಸ

ಇದಕ್ಕೆ ಅರ್ಧ ದಿನ ಎತ್ತಿಡಿ. ಬೇಕಾದದ್ದು ಒಂದು ಚಿಕ್ಕ ಅಡ್ಜಸ್ಟೆಬಲ್ ಸ್ಪ್ಯಾನರ್, ಕಾಗದ, ಪೆನ್ಸಿಲ್, ಪೈಪಿಗೆ ಕಚ್ಚಿಸುವ ಎರಡು ಥರ್ಮಾಮೀಟರ್. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೂ ನಡೆಯುತ್ತದೆ, ಆದರೆ ಹೊಳೆಯುವ ತಾಮ್ರ ಮತ್ತು ಕ್ರೋಮ್ ಪೈಪಿನ ಮೇಲೆ ಅದು ತಪ್ಪು ತೋರಿಸುತ್ತದೆ. ಪೈಪಿಗೆ ಒಂದು ಸುತ್ತು ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ ಅದರ ಮೇಲೆ ಅಳೆಯಿರಿ.

1. ಹಿಂದಿನ ರಾತ್ರಿಯೇ ಹೀಟಿಂಗ್ ಆರಿಸಿ. ಬೆಳಿಗ್ಗೆ ಎಲ್ಲ ರೇಡಿಯೇಟರ್‌ಗಳೂ ತಣ್ಣಗಿರಬೇಕು. ಎಲ್ಲ ಟಿ.ಆರ್.ವಿ. ತಲೆಗಳನ್ನೂ ಬಿಚ್ಚಿ ತೆಗೆದಿಡಿ, ಇಲ್ಲದಿದ್ದರೆ ಕೋಣೆ ಬೆಚ್ಚಗಾಗುತ್ತಿದ್ದಂತೆ ಅವೇ ನೀರು ನಿಲ್ಲಿಸಿ ನಿಮ್ಮ ಲೆಕ್ಕ ಕೆಡಿಸುತ್ತವೆ.

2. ಇನ್ನೊಂದು ತುದಿಯಲ್ಲಿ ಅಂಕಿಯಿಲ್ಲದ ಬಿಳಿ ಪ್ಲಾಸ್ಟಿಕ್ ಟೋಪಿಯ ಕೆಳಗೆ ಲಾಕ್‌ಶೀಲ್ಡ್ ಇದೆ. ಟೋಪಿ ಎತ್ತಿದರೆ ಹಿತ್ತಾಳೆಯ ಚಿಕ್ಕ ಕಡ್ಡಿ ಕಾಣುತ್ತದೆ. ಬಲಕ್ಕೆ ತಿರುಗಿಸುತ್ತಾ ಮುಚ್ಚುವವರೆಗೆ ಎಷ್ಟು ಸುತ್ತು ಎಂದು ಎಣಿಸಿ ಬರೆದಿಡಿ. ಏನಾದರೂ ಎಡವಟ್ಟಾದರೆ ಮೊದಲಿದ್ದ ಜಾಗಕ್ಕೆ ಮರಳಲು ಈ ಅಂಕಿಯೇ ದಾರಿ. ಆಮೇಲೆ ಎಡಕ್ಕೆ ಪೂರ್ತಿ ತೆರೆಯಿರಿ. ಎಲ್ಲದಕ್ಕೂ ಹೀಗೆ. ತೀರ ಹಳೆಯ ವಾಲ್ವ್ ಅಲುಗದಿದ್ದರೆ ಒತ್ತಾಯ ಮಾಡಬೇಡಿ, ಕಡ್ಡಿಯ ಸುತ್ತ ನೀರು ಜಿನುಗಲು ಶುರುವಾಗಬಹುದು.

3. ಗೋಡೆಯ ಥರ್ಮೋಸ್ಟಾಟ್ ಅನ್ನು 28ಕ್ಕೆ ಏರಿಸಿ ಹೀಟಿಂಗ್ ಹಾಕಿ. ಈಗ ಮನೆಯೆಲ್ಲ ಓಡಾಡುತ್ತಾ ಯಾವ ರೇಡಿಯೇಟರ್‌ನ ಪೈಪು ಮೊದಲು ಬಿಸಿಯಾಯಿತು, ಯಾವುದು ಕೊನೆಗೆ ಎಂದು ಗಡಿಯಾರ ನೋಡಿ ಬರೆಯಿರಿ. ಇಬ್ಬರಿದ್ದರೆ ಸುಲಭ. ನಾನು ಕೆಳಗೆ, ಅಮ್ಮ ಮೇಲೆ. “ಬಚ್ಚಲಮನೇದು ಬಂತು” ಎಂದು ಮೆಟ್ಟಿಲ ತುದಿಯಿಂದ ಕೂಗುತ್ತಿದ್ದಳು. ಬಾಗಿಲ ಹತ್ತಿರದ್ದು ಎರಡು ನಿಮಿಷ, ಬಚ್ಚಲಿನ ಟವೆಲ್ ರೈಲ್ ಮೂರು ನಿಮಿಷ, ಅಡುಗೆಮನೆ ನಾಲ್ಕು. ಅಮ್ಮನ ಕೋಣೆಯದು ಹದಿನಾಲ್ಕು ನಿಮಿಷ.

4. ಬೇಗ ಬಿಸಿಯಾದ ಮೊದಲ ಎರಡು ಮೂರನ್ನು ಪೂರ್ತಿ ಮುಚ್ಚಿ, ಮತ್ತೆ ಕಾಲು ಸುತ್ತು ಮಾತ್ರ ತೆರೆಯಿರಿ. ನಡುವಿನವನ್ನು ಅರ್ಧದಿಂದ ಒಂದು ಸುತ್ತು. ಕೊನೆಯದನ್ನು ಮುಟ್ಟಲೇಬೇಡಿ, ಅದು ಪೂರ್ತಿ ತೆರೆದೇ ಇರಲಿ. ಕಾಲು ಸುತ್ತು ತೀರಾ ಕಡಿಮೆಯಾಯಿತೇನೋ ಎನ್ನಿಸುತ್ತದೆ. ಈ ವಾಲ್ವಿನಲ್ಲಿ ಹರಿವು ಬದಲಾಗುವುದೆಲ್ಲ ಹೆಚ್ಚಾಗಿ ಮೊದಲ ಅರ್ಧ ಸುತ್ತಿನಲ್ಲೇ. ಎರಡನೇ, ಮೂರನೇ ಸುತ್ತಿನಲ್ಲಿ ಎಷ್ಟು ತಿರುಗಿಸಿದರೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

5. ಅರ್ಧ ಗಂಟೆ ಬಿಡಿ. ಈಗ ಪ್ರತಿ ರೇಡಿಯೇಟರ್‌ನ ಒಳಹೋಗುವ ಪೈಪು, ಹೊರಬರುವ ಪೈಪು ಎರಡನ್ನೂ ಅಳೆಯಿರಿ. ವ್ಯತ್ಯಾಸ ತೀರ ಕಡಿಮೆಯಿದ್ದರೆ ನೀರು ಅವಸರದಲ್ಲಿ ದಾಟಿಹೋಗುತ್ತಿದೆ, ಇನ್ನಷ್ಟು ಬಿಗಿಮಾಡಿ. ತೀರ ಹೆಚ್ಚಿದ್ದರೆ ನೀರು ಸಾಲುತ್ತಿಲ್ಲ, ಸ್ವಲ್ಪ ತೆರೆಯಿರಿ. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ತಿರುಗಿಸಿದ ಮೇಲೆ ಹತ್ತು ನಿಮಿಷ ಕಾಯದೆ ಅಳೆಯಬೇಡಿ.

6. ಎಲ್ಲವನ್ನೂ ಇನ್ನೊಂದು ಸಲ ಅಳೆಯುವುದನ್ನು ತಪ್ಪಿಸಬೇಡಿ. ಒಂದನ್ನು ಬಿಗಿಮಾಡಿದರೆ ಆ ನೀರು ಉಳಿದ ಏಳಕ್ಕೆ ಹೋಗುತ್ತದೆ, ಮೊದಲು ಸರಿಯಿದ್ದದ್ದು ಈಗ ಕೊಂಚ ಬದಲಾಗಿರುತ್ತದೆ.

ಎಷ್ಟು ವ್ಯತ್ಯಾಸ ಇರಬೇಕು? ಹಳೆಯ ಕಾಲದ ಬಾಯ್ಲರ್‌ಗಳಿಗೆ ಸುಮಾರು 11 ಡಿಗ್ರಿ, ಹೊಗೆಯ ಬಿಸಿಯನ್ನೂ ಹಿಡಿಯುವ ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗಳಿಗೆ 20ರವರೆಗೆ ಎಂಬುದು ಇಲ್ಲಿನ ಕೆಲಸಗಾರರ ರೂಢಿ. ಮನೆಯಲ್ಲಿ ಮಾಡುವವರು 20 ಎಂಬ ಅಂಕಿಯ ಹಿಂದೆ ಬಿದ್ದು ತಲೆ ಕೆಡಿಸಿಕೊಳ್ಳುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಬಾಯ್ಲರ್ ತನ್ನ ಉರಿಯನ್ನು ಹೆಚ್ಚುಕಡಿಮೆ ಮಾಡಿಕೊಳ್ಳುತ್ತಿರುತ್ತದೆ, ಅಂಕಿ ಅಲುಗಾಡುತ್ತಲೇ ಇರುತ್ತದೆ. ಎಲ್ಲ ರೇಡಿಯೇಟರ್‌ಗಳಲ್ಲೂ ವ್ಯತ್ಯಾಸ ಒಂದಕ್ಕೊಂದು ಹತ್ತಿರ ಬಂದರೆ ಕೆಲಸ ಆಯಿತು. ನಮ್ಮಲ್ಲಿ ಮೊದಲು ಬಾಗಿಲ ಹತ್ತಿರದ್ದು 64ಕ್ಕೆ ಒಳಹೋಗಿ 58ಕ್ಕೆ ಹೊರಬರುತ್ತಿತ್ತು. ಅಮ್ಮನ ಕೋಣೆಯದು 56ಕ್ಕೆ ಒಳಹೋಗಿ 31ಕ್ಕೆ. ಸಂಜೆ ಐದರ ಹೊತ್ತಿಗೆ ಬಾಗಿಲಿನದು 63 ಮತ್ತು 48, ಅಮ್ಮನದು 61 ಮತ್ತು 45. ಅವಳು ಆ ರಾತ್ರಿ ಶಾಲನ್ನು ಕುರ್ಚಿಯ ಬೆನ್ನಿಗೆ ಹಾಕಿ ಮಲಗಿದಳು.

ಟವೆಲ್ ರೈಲ್ ಬಗ್ಗೆ ಎಚ್ಚರ. ಅದರೊಳಗೆ ನೀರಿಗೆ ಅಡ್ಡಿಯೇ ಇಲ್ಲ, ಬಿಟ್ಟರೆ ಇಡೀ ಮನೆಯ ಪಾಲನ್ನು ಅದೇ ಕುಡಿಯುತ್ತದೆ. ಹೆಚ್ಚಿನ ಮನೆಗಳಲ್ಲಿ ಎಲ್ಲಕ್ಕಿಂತ ಬಿಗಿಯಾಗಬೇಕಾದದ್ದು ಅದು. ಆದರೆ ಪೂರ್ತಿ ಮುಚ್ಚಬೇಡಿ. ಎಲ್ಲ ಟಿ.ಆರ್.ವಿ.ಗಳೂ ಮುಚ್ಚಿಕೊಂಡಾಗ ಪಂಪಿಗೆ ನೀರು ತಳ್ಳಲು ಒಂದು ದಾರಿಯಾದರೂ ತೆರೆದಿರಬೇಕು.

ಕೆಸರು ಕೂತಿದ್ದರೆ

ಗಾಳಿ ಬಿಡುವಾಗ ಬಂದ ನೀರನ್ನು ಒಂದು ಗಾಜಿನ ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಅಲುಗಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಕಾಡಿಗೆಯಂಥ ಕಪ್ಪು ಪುಡಿ ಕೂತಿದ್ದರೆ, ಫ್ರಿಜ್ ಮೇಲಿನ ಮ್ಯಾಗ್ನೆಟ್ ಒಂದನ್ನು ಬಾಟಲಿಯ ಹೊರಗಿನಿಂದ ತಾಗಿಸಿ ಮೇಲಕ್ಕೆ ಎಳೆಯಿರಿ. ಪುಡಿ ಗಾಜಿಗೆ ಅಂಟಿಕೊಂಡು ಹಿಂದೆಯೇ ಹತ್ತಿ ಬಂದರೆ ಅದು ಮ್ಯಾಗ್ನೆಟೈಟ್, ನಿಮ್ಮ ರೇಡಿಯೇಟರ್‌ನ ಉಕ್ಕೇ ಸವೆದು ಆದ ಪುಡಿ.

ಇದು ತುಂಬಿದ್ದರೆ ಎಷ್ಟು ಬ್ಯಾಲೆನ್ಸ್ ಮಾಡಿದರೂ ಪ್ರಯೋಜನವಿಲ್ಲ. ಒಂದೇ ರೇಡಿಯೇಟರ್‌ನಲ್ಲಿ ಇದ್ದರೆ ಅದನ್ನು ಬಿಚ್ಚಿ ಹಿತ್ತಿಲಲ್ಲಿ ಪೈಪಿಟ್ಟು ತೊಳೆಯುವವರಿದ್ದಾರೆ. ನೀರು ತುಂಬಿದ ರೇಡಿಯೇಟರ್‌ನ ಭಾರ, ಕಪ್ಪು ನೀರು, ಮೆಟ್ಟಿಲು, ಕಾರ್ಪೆಟ್ ಎಲ್ಲ ಸೇರಿದಾಗ ಮೊದಲ ಸಲದವರಿಗೆ ಇದು ಬೇಡವೆನ್ನುತ್ತೇನೆ. ಎಲ್ಲದರಲ್ಲೂ ಇದ್ದರೆ ತೊಳೆಯುವ ರಾಸಾಯನಿಕ ಹಾಕಿಸಿ ಕೆಲವು ದಿನ ಓಡಿಸಿ, ಆಮೇಲೆ ಪವರ್‌ಫ್ಲಶ್, ಅಂದರೆ ಯಂತ್ರದಿಂದ ಜೋರಾಗಿ ನೀರು ಹಾಯಿಸಿ ತೊಳೆಯುವುದು, ಮಾಡಿಸಬೇಕಾಗುತ್ತದೆ. ಇಲ್ಲಿ ಮಾತ್ರ ದುಡ್ಡು ಕೊಟ್ಟು ಅನುಭವಸ್ಥರನ್ನು ಕರೆಸಿ. ಕೆಲಸ ಮುಗಿದ ಮೇಲೆ ತುಕ್ಕು ತಡೆಯುವ ಇನ್‌ಹಿಬಿಟರ್ ಹಾಕಿದ್ದಾರೆಯೇ, ರಿಟರ್ನ್ ಪೈಪಿನಲ್ಲಿ ಮ್ಯಾಗ್ನೆಟ್ ಫಿಲ್ಟರ್ ಕೂರಿಸಿದ್ದಾರೆಯೇ ಎಂದು ಕೇಳಿ. ಬ್ರಿಟಿಷ್ ಸ್ಟ್ಯಾಂಡರ್ಡ್‌ನ ಬಿ.ಎಸ್. 7593 ಸಂಹಿತೆಯ 2019ರ ಆವೃತ್ತಿಯಲ್ಲಿ ಫಿಲ್ಟರ್ ಹಾಕುವುದನ್ನೂ, ಪ್ರತಿ ವರ್ಷ ಇನ್‌ಹಿಬಿಟರ್ ಪರೀಕ್ಷಿಸುವುದನ್ನೂ ಹೇಳಿದೆ.

ಆಮೇಲೆ ಬಾಯ್ಲರ್ ಉಷ್ಣತೆ ಇಳಿಸಿ

ಹಂಚಿಕೆ ಸರಿಯಾದ ಮನೆಗೆ ಒಂದು ಲಾಭ ಸಿಗುತ್ತದೆ. ದೂರದ ಕೋಣೆಗೆ ಬಿಸಿ ಮುಟ್ಟಲೆಂದು ಬಾಯ್ಲರ್ ಅನ್ನು 75, 80ರಲ್ಲಿ ಇಟ್ಟಿರುತ್ತೀರಿ. ಇನ್ನು ಅದು ಬೇಕಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರಿಂದ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರ್‌ಗಳು ಸಾಮಾನ್ಯವಾಗಿ ಕಂಡೆನ್ಸಿಂಗ್ ಬಗೆಯವೇ. ಹೊಗೆಯಲ್ಲಿರುವ ಆವಿಯನ್ನು ನೀರಾಗಿಸಿ ಅದರ ಬಿಸಿಯನ್ನೂ ಹಿಡಿಯುವುದು ಇವುಗಳ ಗುಣ. ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಇದು ನಡೆಯುತ್ತದೆ. ಕಾಂಬಿ ಬಾಯ್ಲರ್‌ನಲ್ಲಿ ರೇಡಿಯೇಟರ್ ಚಿತ್ರವಿರುವ ಗುಂಡಿಯನ್ನು 60–65ಕ್ಕೆ ಇಳಿಸಿ ಒಂದು ವಾರ ನೋಡಿ. ನಲ್ಲಿಯ ಚಿತ್ರವಿರುವುದು ಬೇರೆ, ಅದನ್ನು ಮುಟ್ಟಬೇಡಿ. ಬಿಸಿನೀರಿನ ಸಿಲಿಂಡರ್ ಇರುವ ಮನೆಯವರು ಹುಷಾರು: ಸಿಲಿಂಡರ್‌ನ ನೀರು 60 ಡಿಗ್ರಿ ತಲುಪಬೇಕು, ಇಲ್ಲದಿದ್ದರೆ ಲೆಜಿಯೊನೆಲ್ಲಾ ಬ್ಯಾಕ್ಟೀರಿಯ ಬೆಳೆಯುವ ಅಪಾಯವಿದೆ. ಅಂಥ ಕಡೆ ಬಾಯ್ಲರ್ ಅನ್ನು 65ಕ್ಕಿಂತ ಕೆಳಗಿಳಿಸಬೇಡಿ.

ನೀರಿನ ಉಷ್ಣತೆ ಇಳಿದಾಗ ರೇಡಿಯೇಟರ್ ಕೊಡುವ ಬಿಸಿಯೂ ಇಳಿಯುತ್ತದೆ, ಕೋಣೆ ನಿಧಾನವಾಗಿ ಬೆಚ್ಚಗಾಗುತ್ತದೆ. ಹೀಟಿಂಗ್ ಅರ್ಧ ಗಂಟೆ ಮುಂಚೆ ಶುರುವಾಗುವಂತೆ ಟೈಮರ್ ಬದಲಿಸಿ. ವಯಸ್ಸಾದವರು, ಹಸುಗೂಸು ಇರುವ ಮನೆಯಲ್ಲಿ ಜನವರಿಯ ಕಡುಚಳಿಗೆ ಮತ್ತೆ ಐದು ಡಿಗ್ರಿ ಏರಿಸುವುದಕ್ಕೆ ಹಿಂಜರಿಯಬೇಡಿ.

ಇಷ್ಟೆಲ್ಲ ಮಾಡಿಯೂ ಒಂದು ಕೋಣೆ ಮಾತ್ರ ಬೆಚ್ಚಗಾಗದಿದ್ದರೆ ಆ ರೇಡಿಯೇಟರ್ ಕೋಣೆಗೆ ಚಿಕ್ಕದಾಗಿದೆ ಎಂದರ್ಥ. ಒಂದೇ ಹಾಳೆಯದನ್ನು ತೆಗೆದು, ಅದೇ ಉದ್ದ ಎತ್ತರದ ಎರಡು ಹಾಳೆಯ, ನಡುವೆ ಎರಡು ಸಾಲು ಮಡಿಕೆಗಳಿರುವ ಟೈಪ್ 22 ಹಾಕಿಸಬಹುದು. ಪೈಪು ಹೊಸದಾಗಿ ಎಳೆಯುವ ಕೆಲಸ ಸಾಮಾನ್ಯವಾಗಿ ಬರುವುದಿಲ್ಲ.

ಕೊನೆಗೆ ಎಲ್ಲ ಲಾಕ್‌ಶೀಲ್ಡ್‌ಗಳಿಗೂ ಟೋಪಿ ಹಾಕುವ ಮುಂಚೆ, ಪ್ರತಿಯೊಂದು ಎಷ್ಟು ಸುತ್ತು ತೆರೆದಿದೆ ಎಂದು ಬರೆದ ಹಾಳೆಯನ್ನು ಬಾಯ್ಲರ್ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ. ಗೋಡೆಗೆ ಬಣ್ಣ ಹೊಡೆಯಲು ಬಂದವರು ರೇಡಿಯೇಟರ್ ಬಿಚ್ಚುತ್ತಾರೆ, ಎರಡೂ ವಾಲ್ವ್ ಮುಚ್ಚುತ್ತಾರೆ, ಮತ್ತೆ ಕೂರಿಸುವಾಗ ಪೂರ್ತಿ ತೆರೆದು ಹೋಗುತ್ತಾರೆ. ನಮ್ಮ ಹಾಳೆಯಲ್ಲಿ “ಬಾಗಿಲು: ಕಾಲು, ಬಚ್ಚಲು: ಕಾಲಿಗಿಂತ ಒಂದು ಕೂದಲು ಕಡಿಮೆ, ಅಮ್ಮ: ಪೂರ್ತಿ” ಎಂದಿದೆ.